ಅತ್ತೆ ಉಪ್ಪು ನೋಡಿದ ದಿನ

ನಮ್ಮ ಅತ್ತೆ ಸಮುದ್ರ ನೋಡಿಲ್ಲ. ನೋಡುವ ಆಸೆಯೂ ಅವರಿಗಿಲ್ಲ. ಅವರ ತವರುಮನೆ ಮೇಡ್ಲೇರಿ, ಅಲ್ಲಿಯ ತುಂಗಭದ್ರೆಯೇ ಅವರ ಪಾಲಿಗೆ ದೊಡ್ಡ ನೀರು. ಅದಕ್ಕಿಂತ ದೊಡ್ಡದು ಮನುಷ್ಯರಿಗೆ ಯಾಕೆ ಬೇಕು ಎಂಬುದು ಅವರ ವಾದ. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ಮೆಣಸಿನಕಾಯಿ ಚೀಲಗಳ ನಡುವೆ ಸಂಸಾರ ಮಾಡಿದವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮಾಂಸ, ಮೀನು, ಮೊಟ್ಟೆ ಯಾವುದೂ ಹೊಸ್ತಿಲು ದಾಟದ ಮನೆ ನಮ್ಮದು. ಆದರೂ ಕರಾವಳಿಯಿಂದ ನನ್ನ ಅಮ್ಮ ಫೋನು ಮಾಡಿದಾಗಲೆಲ್ಲ ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಳ್ಳುತ್ತಾರೆ. ಬೀಗಿತಿಯ ಮೊಣಕಾಲು ನೋವು ವಿಚಾರಿಸುವುದಕ್ಕೂ ಮೊದಲು ಅವರು ಕೇಳುವುದು ಒಂದೇ ಮಾತು.

"ಬಳಚು ಚಾಲೂ ಐತ್ರ್ಯೋ, ಬಂದ್ ಐತ್ರ್ಯೋ?"

ಬಳಚು ಅಂದರೆ ಏನೆಂದು ನಮ್ಮ ಓಣಿಯಲ್ಲಿ ಇಂದಿಗೂ ಅರ್ಧ ಮಂದಿಗೆ ಗೊತ್ತಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಕೆಸರಿನ ದಿಬ್ಬಗಳು ಏಳುತ್ತವೆ. ಆ ಕೆಸರಿನಲ್ಲಿ ಹುದುಗಿರುವ, ಎರಡು ಚಿಪ್ಪಿನ ಸಣ್ಣ ಜೀವಿ ಅದು. ನನ್ನ ಅಮ್ಮ ಕೇರಿಯ ಹೆಂಗಸರ ಜೊತೆ ಇಳಿತದ ಹೊತ್ತು ನೋಡಿ ಹೋಗಿ, ಬಳಚು ಹೆಕ್ಕಿ, ಮಾರಿಯೇ ನನ್ನನ್ನು ಓದಿಸಿದ್ದು. ಕೆಲವು ಸಲ ಹೆಕ್ಕುವುದನ್ನು ನಿಲ್ಲಿಸುತ್ತಾರೆ. ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಒಮ್ಮೊಮ್ಮೆ ವಿಪರೀತ ಬೆಳೆಯುತ್ತದೆ, ಅದರಲ್ಲಿ ಕೆಲವು ಜಾತಿ ವಿಷದವು. ಬಳಚು ನೀರು ಸೋಸಿ ಹೊಟ್ಟೆ ಹೊರೆಯುವ ಪ್ರಾಣಿಯಾದ್ದರಿಂದ ಆ ವಿಷವನ್ನು ಮೈಯೊಳಗೆ ಕೂಡಿಟ್ಟುಕೊಳ್ಳುತ್ತದೆ. ತಿಂದವರಿಗೆ ಅಪಾಯ. ನೋಡಿದರೆ ಅದೇ ಬಳಚು, ಅದೇ ವಾಸನೆ, ಅದೇ ರುಚಿ, ಎಷ್ಟು ಕುದಿಸಿದರೂ ವಿಷ ಹೋಗುವುದಿಲ್ಲ. ಅಂಥ ಸಮಯದಲ್ಲಿ ಬಳಚನ್ನು ಪರೀಕ್ಷೆಗೆ ಕಳಿಸಿ, ಸರಿಯಿದೆ ಎಂದು ತಿಳಿಯುವ ತನಕ ಯಾರೂ ಹೆಕ್ಕಬಾರದು, ಮಾರಬಾರದು ಎಂದು ಆಟೋಕ್ಕೆ ಮೈಕು ಕಟ್ಟಿ ಊರ ತುಂಬ ಸಾರುತ್ತಾರೆ. ಅತ್ತೆ ಬಂದ್ ಅನ್ನುವುದು ಇದಕ್ಕೆ.

ಅವರು ಹಾಗೆ ಕೇಳಲು ಕಾರಣವಿದೆ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಇದೇ ಬಳಚಿನ ದೆಸೆಯಿಂದ ಅತ್ತೆ ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದರು. ನಾನು ಮತ್ತು ಮಗಳು ಇವತ್ತು ಇರುವುದೂ ಅದೇ ದಿನದ ಪುಣ್ಯದಿಂದ.

ನಾವಿಬ್ಬರೂ ಧಾರವಾಡದಲ್ಲಿ ಓದುವಾಗ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರು. ಗಂಡನಿಗೆ ಹಾವೇರಿಯಲ್ಲಿ ಕೆಲಸ, ನನಗೆ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪಾಠ. ಮನೆ ನಡುವೆ ಬ್ಯಾಡಗಿಯಲ್ಲಿ, ಅತ್ತೆ ಮಾವನ ಜೊತೆ. ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಮೀನು ತಿನ್ನುವವರ ಮನೆಯ ಹುಡುಗಿಯನ್ನು ತರುತ್ತೇನೆಂದು ಮಗ ಹೇಳಿದಾಗ ಅತ್ತೆ ಮೂರು ದಿನ ಮಾತು ಬಿಟ್ಟಿದ್ದರಂತೆ. ನಾಲ್ಕನೆಯ ದಿನ ಬಾಯಿ ಬಿಟ್ಟು, "ಹೊರಗ ಏನರ ತಿನ್ನಲಿ, ನಾ ಕೇಳಂಗಿಲ್ಲ. ಮನಿಯೊಳಗ ಮಾತ್ರ ಬ್ಯಾಡ" ಎಂದರಂತೆ. ಅಷ್ಟೇ ಕರಾರು. ಆಮೇಲೆ ಒಂದು ದಿನವೂ ನನ್ನನ್ನು ಅದರ ಬಗ್ಗೆ ಚುಚ್ಚಿದವರಲ್ಲ. ನಾನು ಸಿಡುಕಿನ ಸ್ವಭಾವದವಳು, ಚುಚ್ಚಿದ್ದರೆ ಸುಮ್ಮನಿರುತ್ತಿರಲಿಲ್ಲ. ಚುಚ್ಚದವರ ಜೊತೆ ಜಗಳವಾಡುವುದು ಹೇಗೆ?

ಆ ಮನೆಯಲ್ಲಿ ನನಗೆ ವಿಚಿತ್ರವೆನಿಸಿದ್ದು ಬೇರೆಯೇ ಒಂದು ಸಂಗತಿ. ಅತ್ತೆ ತಾವು ಮಾಡಿದ ಅಡುಗೆಯ ರುಚಿ ನೋಡುವುದೇ ಇಲ್ಲ. ದೇವರಿಗೆ ಎಡೆ ತೋರಿಸುವ ಮುನ್ನ ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಅವರ ತಾಯಿ, ಅಜ್ಜಿ ಯಾರೂ ನೋಡಿದವರಲ್ಲ. ಕುದಿಯುವ ಸಾರಿನ ಹಬೆಗೆ ಮೂಗು ಹಿಡಿದು, "ಉಪ್ಪು ಸಾಕು" ಅಥವಾ "ಇನ್ನೊಂದು ಚೂರು ಬೇಕು" ಎಂದು ಹೇಳಿಬಿಡುತ್ತಾರೆ. ಬಹಳಷ್ಟು ಸಲ ಸರಿಯೇ ಇರುತ್ತದೆ. ತಪ್ಪಿದ ದಿನ ಮಾವನ ಬಾಯಿಗೆ ಹಬ್ಬ.

"ಇವತ್ತ ಉಪ್ಪು ರಜಾ ಹಾಕೇತೇನು?" ಎಂದು ಮಾವ ಕೇಳುತ್ತಿದ್ದರು.

"ನಿಮ್ಮ ನಾಲಿಗಿ ಅಂಗಡ್ಯಾಗ ಮರೆತು ಬಂದೀರಿ, ಹೋಗಿ ತೊಗೊಂಡ್ ಬರ್ರಿ" ಎಂದು ಅತ್ತೆ ತಿರುಗಿಸಿ ಕೊಡುತ್ತಿದ್ದರು.

"ಒಂದ್ ದಿನಾ ನಾಲಿಗಿಗೆ ಹಚ್ಚಿ ನೋಡಿದ್ರ ನಿನ್ನ ಗಂಟೇನು ಹೋಗತೈತಿ?" ಎಂದು ಮಾವ ಗೊಣಗಿಕೊಂಡು ಮಜ್ಜಿಗೆ ಸುರಿದುಕೊಳ್ಳುತ್ತಿದ್ದರು. ಈ ಜಗಳ ಆ ಮನೆಯಲ್ಲಿ ನನ್ನ ಗಂಡ ಹುಟ್ಟುವುದಕ್ಕೂ ಮುಂಚಿನದು.

ನನಗೆ ಏಳು ತಿಂಗಳಾಯಿತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ಮಾತು ಈ ಕಡೆಯೂ ಇದೆ, ನಮ್ಮ ಕಡೆಯೂ ಇದೆ. ಓಣಿಯವರೆಲ್ಲ ಸರತಿಯ ಮೇಲೆ ಊಟಕ್ಕೆ ಕರೆದರು. ಒಬ್ಬರು ಎಳ್ಳು ಹೋಳಿಗೆ, ಒಬ್ಬರು ಮಾದಲಿ, ಮತ್ತೊಬ್ಬರು ನಾನು ಆಸೆಪಟ್ಟೆನೆಂದು ಗಿರ್ಮಿಟ್ ಮಿರ್ಚಿಯ ಊಟವನ್ನೇ ಮಾಡಿದರು. ಎಲ್ಲವನ್ನೂ ತಿಂದೆ. ಆದರೆ ನಾಲಿಗೆಯ ಮೂಲೆಯಲ್ಲಿ ಏನೋ ಒಂದು ಖಾಲಿ ಉಳಿದುಹೋಗುತ್ತಿತ್ತು. ಒಂದು ಸಂಜೆ ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು, ನಾನು ಗೋಡೆಗೆ ಒರಗಿದ್ದೆ.

"ಎಲ್ಲಾರು ಮಾಡಿ ಹಾಕಿದ್ದು ತಿಂದಿ. ಖರೇ ಹೇಳು, ನಿನಗ ಏನ್ ತಿನ್ನಬೇಕು ಅನಸ್ತೈತಿ?"

"ಏನಿಲ್ರಿ."

"ನಾಚಬ್ಯಾಡವಾ. ನಾನೂ ಹಡದಾಕಿ."

ನಾನು ತಡೆಯಲಾರದೆ "ಬಳಚು" ಎಂದುಬಿಟ್ಟೆ. ಅಂದ ಕೂಡಲೇ ಅಳು ಬಂತು. ಅಮ್ಮ ಅಳಿವೆಯಿಂದ ಬಂದು ಸೊಂಟದ ಬುಟ್ಟಿ ಇಳಿಸುವ ಸದ್ದು, ತೆಂಗಿನಕಾಯಿ ಹುರಿಯುವ ವಾಸನೆ, ಚಿಪ್ಪಿನ ಒಳಗಿನ ಮಸಾಲೆಯನ್ನು ಚೀಪುತ್ತಿದ್ದದ್ದು ಎಲ್ಲ ಹೇಳಿಕೊಂಡೆ. ಹೇಳಬಾರದಿತ್ತು ಎಂದು ಮರುಕ್ಷಣ ಅನಿಸಿತು. ಅತ್ತೆ ಜೋಳ ಹಸನು ಮಾಡುತ್ತಲೇ ಇದ್ದರು. ಜೋಳದಲ್ಲಿ ಒಂದು ಕಲ್ಲು ಸಿಕ್ಕಿತು, ಅದನ್ನು ಆರಿಸಿ ಹೊರಗೆ ಎಸೆದರು.

ಆಮೇಲಿನ ದಿನಗಳಲ್ಲಿ ಅವರು ಆಗೀಗ ಏನೇನೋ ಕೇಳುತ್ತಿದ್ದರು. ಕೊಬ್ಬರಿ ಹಸಿಯದೋ ಒಣಗಿದ್ದೋ? ಹುಣಸೆಹಣ್ಣು ಹಾಕುತ್ತಾರೋ ಇಲ್ಲವೋ? ಮೆಣಸಿನಕಾಯಿ ಎಷ್ಟು? ನನ್ನ ಮನಸ್ಸು ಹಗುರ ಮಾಡಲು ಮಾತಾಡಿಸುತ್ತಿದ್ದಾರೆ ಅಂದುಕೊಂಡು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಮೆಣಸಿನಕಾಯಿಯ ವಿಷಯ ಬಂದಾಗ, "ನಮ್ಮೂರ ಕಡೆ ಬಳಚಿಗೆ ಬ್ಯಾಡಗಿ ಮೆಣಸೇ ಆಗಬೇಕು" ಎಂದೆ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ತಾವು ಎಂದೂ ಮೂಸಿ ನೋಡದ ಪದಾರ್ಥಕ್ಕೆ ತಮ್ಮ ಅಂಗಡಿಯ ಕಾಯಿ ಬೇಕು ಎಂಬುದು ಅವರಿಗೆ ಹೊಸ ಸುದ್ದಿ.

ನಮ್ಮ ಅಂಗಡಿಯ ಕಾಯಿ ಲಾರಿಯಲ್ಲಿ ಕರಾವಳಿಗೆ ಹೋಗುತ್ತದೆ. ಆ ಲಾರಿಯ ಡ್ರೈವರು ಬ್ಯಾಡಗಿಯವರೇ, ವಯಸ್ಸಾದವರು, ಮನೆಮಂದಿಗೆಲ್ಲ ಅವರು ಕಾಕಾ. ಅತ್ತೆ, ಮಾವನಿಗೂ ಹೇಳದೆ, ಮಗನಿಗೂ ಹೇಳದೆ, ಕಾಕಾನನ್ನು ಹಿತ್ತಲ ಬಾಗಿಲಿಗೆ ಕರೆಸಿ, ಬರುವಾಗ ಬಳಚು ತರಬೇಕೆಂದು ಹೇಳಿದರು. ನನ್ನ ಅಮ್ಮನಿಗೂ ಹೇಳಲಿಲ್ಲ. ಹೇಳಿದರೆ ಬೀಗಿತಿ ತಾನೇ ಮಾಡಿಕೊಂಡು ಬರುತ್ತೇನೆ ಅನ್ನುತ್ತಾಳೆ, ಆಗ ಸೊಸೆಯ ಬಯಕೆ ತೀರಿಸಿದ್ದು ಅತ್ತೆ ಹೇಗಾದಳು? ಇದು ಆಮೇಲೆ ಅವರ ಬಾಯಿಂದಲೇ ತಿಳಿದದ್ದು. ಅಮ್ಮನಿಗೆ ಒಂದು ಮಾತು ಹೋಗಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಕಾಕಾ ಅಳಿವೆಯ ಹತ್ತಿರದ ಸಂತೆಯಲ್ಲಿ ಸಂಜೆ ಬಳಚು ಕೊಂಡು, ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು. ಆಗಿನ್ನೂ ಅಲ್ಲಿ ಬಂದ್ ಸಾರಿರಲಿಲ್ಲ. ಸಾರಿದ್ದು ಮರುದಿನ ಬೆಳಿಗ್ಗೆ, ಲಾರಿ ಘಟ್ಟ ಹತ್ತಿ ಬಂದ ಮೇಲೆ.

ಅತ್ತೆ ಕಾಯಿ ಹರಾಜಾಗುವ ಟೆಂಡರಿನ ದಿನವನ್ನೇ ಆರಿಸಿದ್ದರು. ಆ ದಿನ ಮಾರುಕಟ್ಟೆಯಲ್ಲಿ ಕಾಯಿಯ ರಾಶಿ ಗುಡ್ಡದಂತೆ ಬಿದ್ದಿರುತ್ತದೆ, ಗಂಡಸರು ಮನೆಯ ಕಡೆ ತಲೆ ಹಾಕುವುದಿಲ್ಲ. ಇನ್ನು ವಾಸನೆಯ ಚಿಂತೆ ಬೇಡ. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಗೆ ಮೆಣಸಿನಕಾಯಿಯದು ಬಿಟ್ಟು ಬೇರೆ ವಾಸನೆ ಇರುವುದಿಲ್ಲ, ಬಸ್ಸಿನಿಂದ ಇಳಿದವರು ಸೀನಿಯೇ ಊರು ಸೇರುವುದು. ಹಿತ್ತಲಲ್ಲಿ ಮೂರು ಕಲ್ಲು ಹೂಡಿದರು. ಹೊಸ ಬೋಗುಣಿ, ಹೊಸ ಸೌಟು, ಹೊಸ ತಾಟು. ಮಾಡುವ ಬಗೆಯನ್ನು ಮಾವನ ಮೊಬೈಲಿನಲ್ಲಿ ವಿಡಿಯೋ ಹಾಕಿ ಕಲಿತಿದ್ದರಂತೆ. ಚಿಪ್ಪು ಬಿಡಿಸುವ ಭಾಗ ಬಂದಾಗ ಕಣ್ಣು ಮುಚ್ಚಿಕೊಂಡು ಕಿವಿಯಲ್ಲಿ ಮಾತ್ರ ಕೇಳಿದರಂತೆ.

ಮರಳು ಬಿಡಲೆಂದು ಬಳಚನ್ನು ನೀರಿಗೆ ಹಾಕಿದಾಗ ಅವು ಸಣ್ಣಗೆ ಬಾಯಿ ತೆರೆದವು. ಅತ್ತೆ ಆಗ ಗಾಬರಿಯಾದರು. ಮೇಡ್ಲೇರಿಯ ಹೊಳೆ ದಂಡೆಯಲ್ಲಿ ಚಿಕ್ಕವರಿದ್ದಾಗ ಅವರು ಚಿಪ್ಪು ಆಯ್ದು ಆಡಿದ್ದರು, ಆದರೆ ಅವು ಖಾಲಿ ಚಿಪ್ಪು. ಇವು ಜೀವ ಇದ್ದವು. "ಬಿಟ್ಟ ಬಿಡಬೇಕು ಅಂದ್ಕೊಂಡೆ. ಎಲ್ಲಿ ಬಿಡ್ಲಿ? ನಮ್ಮೂರಾಗ ಸಮುದ್ರ ಎಲ್ಲೈತಿ?" ಎಂದು ಆಮೇಲೆ ಹೇಳಿದ್ದರು. ಕೈಮುಗಿದು ತಪ್ಪಾಯಿತೆಂದು ಕೇಳಿಕೊಂಡು ಒಲೆಯ ಮೇಲೆ ಇಟ್ಟರಂತೆ. ಇದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ.

ನಾನು ಕಾಲೇಜಿನಿಂದ ಮಧ್ಯಾಹ್ನ ಬಂದೆ. ಅತ್ತೆ ಬಾಗಿಲಲ್ಲೇ ಕಾದಿದ್ದರು. ಕೈಕಾಲು ತೊಳೆಯುವುದಕ್ಕೂ ಬಿಡದೆ ಹಿತ್ತಲಿಗೆ ಕರೆದೊಯ್ದು ಮಣೆ ಹಾಕಿ ಕೂರಿಸಿದರು. ತಾಟಿನಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಕೆಂಪು ಮಸಾಲೆ ಮೆತ್ತಿಕೊಂಡ ಬಳಚು. ಜೋಳದ ರೊಟ್ಟಿಗೂ ಬಳಚಿಗೂ ಯಾವ ಜನ್ಮದಲ್ಲೂ ಸಂಬಂಧವಿಲ್ಲ, ಆದರೆ ಅಷ್ಟು ಚೆಂದದ ತಾಟು ನಾನು ನೋಡಿಲ್ಲ. ನೋಡುತ್ತ ಕೂತುಬಿಟ್ಟೆ.

"ನೋಡಕೋತ ಕುಂತ್ರ ಹೊಟ್ಟಿ ತುಂಬತೈತೇನು? ತಿನ್ನು. ಲಗೂ ತಿನ್ನು, ಯಾರರ ಬಂದಾರು."

ರೊಟ್ಟಿ ಮುರಿದೆ. ಒಂದು ಚಿಪ್ಪು ಎತ್ತಿಕೊಂಡೆ. ಅಷ್ಟರಲ್ಲಿ ಅತ್ತೆ ಸೆರಗಿನಿಂದ ತುಟಿ ಉಜ್ಜಿಕೊಳ್ಳುವುದು ಕಂಡಿತು. ಒಂದು ಸಲ ಉಜ್ಜಿ, ಮತ್ತೆ ಉಜ್ಜಿದರು.

"ಯಾಕೋ ತುಟಿ ಜುಮು ಜುಮು ಅನ್ನಾಕತ್ತಾವ. ಮೆಣಸಿನಕಾಯಿ ಭಾಳ ಆತೇನೋ. ನೀ ನೋಡಕೊಂಡ ತಿನ್ನು."

ನನಗೆ ನಗು ಬಂತು. "ಯಾವ ಕಾಯಿ ಹಾಕೀರಿ, ಅತ್ತೀ?"

"ನಮ್ಮ ಅಂಗಡೀದ. ಡಬ್ಬಿ ಕಾಯಿ."

ಬ್ಯಾಡಗಿಯ ಡಬ್ಬಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದನ್ನು ಮುಷ್ಟಿಗಟ್ಟಲೆ ಹಾಕಿದರೂ ಸಾರು ಕೆಂಪಾಗುತ್ತದೆ, ಬಾಯಿ ಉರಿಯುವುದಿಲ್ಲ. ಇದನ್ನು ನನಗೆ ಕಲಿಸಿದ್ದೇ ಅತ್ತೆ. ಇಡೀ ಬ್ಯಾಡಗಿಯಲ್ಲಿ ಡಬ್ಬಿ ಕಾಯಿ ತಿಂದು ತುಟಿ ಜುಮ್ಮೆಂದಿತು ಅಂದವರು ಒಬ್ಬರೂ ಇರಲಿಕ್ಕಿಲ್ಲ. ಆಗ ಇನ್ನೊಂದು ಹೊಳೆಯಿತು. ಅತ್ತೆಯ ತುಟಿಗೆ ಮಸಾಲೆ ತಾಗಿದ್ದಾದರೂ ಹೇಗೆ?

"ಅತ್ತೀ, ನೀವು ಇದರ ರುಚಿ ನೋಡೀರೇನು?"

ಅವರು ತಲೆ ತಗ್ಗಿಸಿದರು. "ಉಪ್ಪು ನೋಡಬೇಕಲ್ಲವಾ. ಗೊತ್ತಿಲ್ಲದ ಅಡಗಿ. ಹಬಿ ಮೂಸಿ ನೋಡಿದೆ, ಏನೂ ತಿಳೀಲಿಲ್ಲ. ದೇವರಿಗೆ ಇಡೋದಲ್ಲ ಇದು. ನಿನಗ ಇಡೋದು. ಕೆಟ್ಟ ರುಚಿ ಆಗಿದ್ರ ನಿನ್ನ ಮನಸು ಮುರೀತಿತ್ತು."

ಒಂದು ಬಾಯಿಗೆ ಹಾಕಿಕೊಂಡರಂತೆ, ಉಪ್ಪು ಕಡಿಮೆ ಅನಿಸಿತಂತೆ. ಉಪ್ಪು ಹಾಕಿ ಇನ್ನೊಂದು. ಆಮೇಲೆ ರಸವನ್ನು ನಾಲ್ಕಾರು ಸಲ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರಂತೆ. ಮಾವನ ಸಾರಿಗೆ ಅಷ್ಟು ವರ್ಷ ನಾಲಿಗೆ ತಾಗಿಸದ ಹೆಂಗಸು, ಕೊರಳಲ್ಲಿ ಲಿಂಗ ಇಟ್ಟುಕೊಂಡು, ನನ್ನ ಮನಸ್ಸು ಮುರಿಯಬಾರದೆಂದು ಬಳಚು ತಿಂದಿದ್ದರು. ಅಪಾಯ ಆಗಿನ್ನೂ ನನ್ನ ತಲೆಗೆ ಬಂದಿರಲಿಲ್ಲ, ಬರೀ ಪ್ರೀತಿ ಉಕ್ಕಿತ್ತು.

"ಬೆರಳಿನ ತುದೀನೂ ಹಂಗ ಆಗಾಕತ್ತಾವ ನೋಡು" ಎಂದು ಅವರು ಕೈ ಮುಂದೆ ಮಾಡಿದರು.

ಆಗ ಕೇಳಿಸಿತು ನನಗೆ, ನಮ್ಮ ಕೇರಿಯ ಮುದುಕಿಯರ ಮಾತು. ಬಳಚು ತಿಂದು ತುಟಿ ಜುಮ್ಮೆಂದರೆ ಎಲೆ ಬಿಟ್ಟು ಏಳು ಎಂದು ಮಕ್ಕಳಿಗೆ ಹೇಳುತ್ತಿದ್ದರು. ಮೀನಿನ ಮುಳ್ಳಿನ ಬಗ್ಗೆ ಎಚ್ಚರಿಸಿದಷ್ಟೇ ಸಹಜವಾಗಿ ಹೇಳುವ ಮಾತು ಅದು. ನನ್ನ ಕೈಯಲ್ಲಿದ್ದ ಚಿಪ್ಪು ಕೆಳಗೆ ಬಿತ್ತು. ಅಮ್ಮನಿಗೆ ಫೋನು ಹಚ್ಚಿದೆ.

"ಅಮ್ಮಾ, ಅಲ್ಲಿ ಬಳಚು ಹೆಕ್ತಾ ಇದ್ರಾ?"

"ಎಲ್ಲಿ ಹೆಕ್ಕೂದು ಮಾರಾಯ್ತಿ, ಇವತ್ತು ಬೆಳಿಗ್ಗೆ ಮೈಕಲ್ಲಿ ಕೂಗ್ಕಂಡು ಹೋದ್ರು. ಹೆಕ್ಕಬೇಡಿ, ತಿನ್ಬೇಡಿ ಅಂದ್ರು. ಆಚೆ ಕೇರೀಲಿ ಯಾರೋ ತಿಂದು ಆಸ್ಪತ್ರೆ ಸೇರಿದ್ರಂತೆ. ಯಾಕೆ ಕೇಳ್ತೆ?"

ನಾನು ಹೇಳಿದೆ. ಅಮ್ಮ ಒಂದು ಗಳಿಗೆಯೂ ಅಳಲಿಲ್ಲ, ಬೈಯಲಿಲ್ಲ. "ಈಗಿಂದೀಗ ಆಸ್ಪತ್ರೆಗೆ ಹೊರಡು. ಉಸಿರಾಟ ನೋಡ್ಕ. ಅವರನ್ನ ಮಾತಾಡಿಸ್ತಾ ಇರು. ನೀನು ತಿಂದ್ಯಾ?" ಎಂದರು. ಇಲ್ಲ ಎಂದೆ. ಆ ಕಡೆಯಿಂದ ಬಂದ ನಿಟ್ಟುಸಿರು ಇಂದಿಗೂ ನನ್ನ ಕಿವಿಯಲ್ಲಿದೆ.

ಪಕ್ಕದ ಮನೆಯವರ ಕಾರಿನಲ್ಲಿ ರಾಣೆಬೆನ್ನೂರಿಗೆ ಹೊರಟೆವು. ದಾರಿಯಲ್ಲಿ ಗಂಡನಿಗೆ ಹೇಳಿದೆ, ಮಾವನಿಗೆ ಹೇಳಿಸಿದೆ. ಕಾಕಾನಿಗೂ ಫೋನು ಮಾಡಿದೆ. ತಮ್ಮ ಮನೆಗೂ ಒಂದಿಷ್ಟು ತಂದಿದ್ದರಂತೆ, ಪುಣ್ಯಕ್ಕೆ ಇನ್ನೂ ಒಲೆಗೆ ಇಟ್ಟಿರಲಿಲ್ಲ. ಅತ್ತೆಯ ನಾಲಿಗೆ ಆಗಲೇ ದಪ್ಪವಾಗುತ್ತಿತ್ತು. ಕೈ ಎತ್ತಲು ಹೋದರೆ ಏಳುತ್ತಿರಲಿಲ್ಲ. ಆದರೂ ನನ್ನ ಬಳೆಗೆ ಬೆರಳು ಸಿಕ್ಕಿಸಿ ಒಂದೇ ಮಾತು ಹೇಳುತ್ತಿದ್ದರು.

"ಏನ್ ತಿಂದೆ ಅಂತ ಯಾರ ಮುಂದೂ ಹೇಳಬ್ಯಾಡ. ನನ್ನ ಮ್ಯಾಲ ಆಣಿ. ಸತ್ರ ಸಾಯ್ತೇನಿ. ಲಿಂಗ ಕಟ್ಟಿಕೊಂಡಾಕಿ ಇಂಥಾದ್ ತಿಂದ್ಲು ಅನ್ನೋ ಮಾತು ಬ್ಯಾಡ."

ನಾನು ಹೂಂ ಎಂದೆ. ಎಂಥ ಹೂಂ ಅದು! ವೈದ್ಯರಿಗೆ ಹೇಳದಿದ್ದರೆ ಅವರು ಉಳಿಯುವುದು ಹೇಗೆ, ಹೇಳಿದರೆ, ಉಳಿದ ಮೇಲೆ ಅವರು ನನ್ನ ಮುಖ ನೋಡುವುದು ಹೇಗೆ ಎಂದು ಲೆಕ್ಕ ಹಾಕುತ್ತ ಕುಳಿತೆ. ಹೊಟ್ಟೆಯೊಳಗೆ ಮಗಳು ಒದೆಯುತ್ತಿದ್ದಳು.

ಆಸ್ಪತ್ರೆ ಸೇರಿ ಅವರನ್ನು ಮಲಗಿಸುವ ಹೊತ್ತಿಗೆ ಮಾವ ಬಂದರು. ಮಾರುಕಟ್ಟೆಯಿಂದ ನೇರ ಬಂದವರು, ತಲೆಗೂದಲಲ್ಲಿ ಮೆಣಸಿನಕಾಯಿಯ ಧೂಳು, ಕಣ್ಣು ಕೆಂಪು. ಜೊತೆಗೆ ಅವರ ಅಣ್ಣ, ನಾವು ದೊಡ್ಡ ಮಾವ ಅನ್ನುವವರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಡಿ ಹಿಡಿದುಕೊಂಡೇ ಕೇಳಿದರು.

"ಏನು ತಿಂದಾರ? ಹೊಲಕ್ಕ ಹೊಡಿಯೋ ಔಷಧ ಏನರ ಮುಟ್ಟಿದ್ರೇನು?"

ಅತ್ತೆಯ ಕಣ್ಣು ನನ್ನ ಮೇಲಿತ್ತು. ನಾನು ಆಣೆ ಮುರಿದೆ. "ಬಳಚು ಅಂತ, ಸಮುದ್ರದ ಚಿಪ್ಪಿನ ಮಾಂಸ. ಅದರಾಗ ವಿಷ ಇತ್ರಿ. ನಮ್ಮೂರ ಕಡೆ ಇವತ್ತು ಬಂದ್ ಮಾಡ್ಯಾರ" ಎಂದೆ.

ಡಾಕ್ಟರಮ್ಮ ಕೂಡಲೇ ಫೋನು ಹಿಡಿದು ಯಾರೋ ಹಿರಿಯ ವೈದ್ಯರನ್ನು ಕೇಳಲು ಆಚೆ ಹೋದರು. ಉಳಿದವರು ನನ್ನನ್ನು ನೋಡಿದರು. ಆ ನೋಟದ ಅರ್ಥ ತಿಳಿಯಲು ಯಾರೂ ಹೇಳಿಕೊಡಬೇಕಿರಲಿಲ್ಲ. ಮೀನು ತಿನ್ನುವ ಮನೆಯಿಂದ ಬಂದ ಸೊಸೆ, ಕರಾರು ಮುರಿದು ಮನೆಯೊಳಗೆ ತಂದಿದ್ದಾಳೆ, ಏನೂ ಅರಿಯದ ಅತ್ತೆಗೆ ತಿನ್ನಿಸಿದ್ದಾಳೆ.

"ಇದಕ್ಕ ನಾ ಅವತ್ತ ಬ್ಯಾಡ ಅಂದಿದ್ದೆ" ಎಂದರು ದೊಡ್ಡ ಮಾವ.

ನನ್ನಂಥ ಸಿಡುಕಿ ಬಾಯಿ ಮುಚ್ಚಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲವಿರಬೇಕು. ಬೈಗುಳ ನನ್ನ ಮೇಲೆ ಬಂದರೆ ಅತ್ತೆಯ ಮಾನ ಉಳಿಯುತ್ತದೆ, ಅಷ್ಟು ಸಾಕು ಅನಿಸಿತ್ತು. ಆಗ ಹಾಸಿಗೆಯಿಂದ ದನಿ ಬಂತು. ನಾಲಿಗೆ ತಿರುಗುತ್ತಿರಲಿಲ್ಲ, ಒಂದೊಂದೇ ಮಾತನ್ನು ಎತ್ತಿ ಇಟ್ಟಂತೆ ಹೇಳಿದರು.

"ಆಕಿಗೇನೂ ಅನಬ್ಯಾಡ್ರಿ. ಆಕಿಗೆ ಗೊತ್ತ ಇದ್ದಿಲ್ಲ. ನಾ ತರಿಸೇನಿ. ನಾ ಮಾಡೇನಿ. ನಾನ ತಿಂದೇನಿ."

ದೊಡ್ಡ ಮಾವ ಕಿಟಕಿಯ ಕಡೆ ತಿರುಗಿದರು. ಮಾವ ಹಾಸಿಗೆಯ ಅಂಚಿಗೆ ಕುಳಿತು ಅತ್ತೆಯ ಪಾದ ಉಜ್ಜತೊಡಗಿದರು. ಎಲ್ಲರೆದುರು ಅವರು ಅತ್ತೆಯನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಗಂಡನೂ ಹಾವೇರಿಯಿಂದ ಬಂದು, ನನ್ನನ್ನೂ ತನ್ನ ಅವ್ವನನ್ನೂ ಸರತಿಯ ಮೇಲೆ ನೋಡುತ್ತ ನಿಂತುಬಿಟ್ಟ.

ಈ ವಿಷಕ್ಕೆ ಮದ್ದಿಲ್ಲ, ಉಸಿರು ನಿಲ್ಲದಂತೆ ಕಾಯಬೇಕು, ದೇಹ ತಾನೇ ಅದನ್ನು ಹೊರಗೆ ಹಾಕುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಕಾದರು. ಎದೆ ಏರಿಳಿಯುವುದು ಸಣ್ಣದಾದಾಗ ಮೂಗಿಗೆ ಆಕ್ಸಿಜನ್ ಕೊಟ್ಟರು, ಯಂತ್ರವನ್ನೂ ಪಕ್ಕದಲ್ಲಿ ತಂದಿಟ್ಟುಕೊಂಡರು. ಅದು ಬೇಕಾಗಲಿಲ್ಲ. ಅವರು ತಿಂದದ್ದು ಎರಡು ಬಳಚು, ಒಂದಿಷ್ಟು ರಸ. ನಾನಾಗಿದ್ದರೆ ತಾಟು ಖಾಲಿ ಮಾಡಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ. "ನೀವು ತಿಂದಿದ್ರ ಇಬ್ಬರನ್ನೂ ಉಳಿಸೋದು ಕಠಿಣ ಇತ್ತು" ಎಂದು ಡಾಕ್ಟರಮ್ಮ ನನ್ನ ಹೊಟ್ಟೆಯ ಕಡೆ ನೋಡಿ ಹೇಳಿದರು. ಎಂದಿನಂತೆ ಅತ್ತೆ ರುಚಿ ನೋಡದೆ ಬಡಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಮರುದಿನ ಬೆಳಿಗ್ಗೆ ಅತ್ತೆಯ ಬೆರಳುಗಳಿಗೆ ಜೀವ ಬಂತು. ಹಾಲು ಕುಡಿದರು. ಮಾತು ತಿಳಿಯಾಯಿತು. ಮಾವ ರಾತ್ರಿಯೆಲ್ಲ ಕುಳಿತಿದ್ದ ಜಾಗದಲ್ಲೇ ಇದ್ದರು. ಅವರು ಕೇಳಿದರು.

"ಲಗ್ನ ಆದಾಗಿಂದ ನನ್ನ ಸಾರಿಂದು ಉಪ್ಪು ಒಂದ್ ದಿನಾ ನೋಡಲಿಲ್ಲ ನೀ. ಸೊಸೀದು ಅಂದಕೂಡ್ಲೆ ನೋಡಿದಿ?"

"ನೀವು ಬಸುರಿ ಆಗಿದ್ರ ನಿಮ್ಮದೂ ನೋಡತಿದ್ದೆ" ಎಂದರು ಅತ್ತೆ.

ಮಾವ ನಕ್ಕರು. ನಗುತ್ತಲೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, ಮೆಣಸಿನಕಾಯಿ ಧೂಳು ಎಂದು ಸುಳ್ಳು ಹೇಳಿದರು. ಡಬ್ಬಿ ಕಾಯಿಯ ಮೇಲೆ ಹೊರಿಸಿದ ಎರಡನೆಯ ಸುಳ್ಳು ಅದು.

ಹಿತ್ತಲಲ್ಲಿ ಉಳಿದಿದ್ದ ಬಳಚನ್ನು ಬೋಗುಣಿ ಸಮೇತ ಗಂಡ ಆಳವಾದ ಗುಂಡಿ ತೆಗೆದು ನಾಯಿಗೂ ಸಿಗದಂತೆ ಹೂಳಿದ. ಮನೆಗೆ ಬಂದ ಮೇಲೆ ಅತ್ತೆ ಮಠಕ್ಕೆ ಹೋಗಿ ಅಜ್ಜಾರ, ಅಂದರೆ ಅಲ್ಲಿಯ ಸ್ವಾಮಿಗಳ ಮುಂದೆ ತಾವೇ ಎಲ್ಲವನ್ನೂ ಹೇಳಿದರು. ಏನು ಪ್ರಾಯಶ್ಚಿತ್ತ ವಿಧಿಸುತ್ತಾರೋ ಎಂದು ನಾನು ಹೊರಗೆ ಹೆದರಿಕೊಂಡು ನಿಂತಿದ್ದೆ. ಅಜ್ಜಾರು ನಕ್ಕು, "ಮನಿಗೆ ಹೋಗಿ ಸೊಸೀದು ಚೆಂದ ಬಾಣಂತನ ಮಾಡು, ಅದ ನಿನಗ ಪ್ರಾಯಶ್ಚಿತ್ತ" ಎಂದರಂತೆ. ಮಾಡಿದರು. ಮಗಳಿಗೆ ಈಗ ಶಾಲೆಗೆ ಹೋಗುವ ವಯಸ್ಸು, ಕಿವಿ ಸೋರಿಲ್ಲ.

ಬಂದ್ ಅಂದರೆ ನಾನು ಚಿಕ್ಕವಳಿದ್ದಾಗ ಬೈದುಕೊಳ್ಳುತ್ತಿದ್ದೆ. ಬಳಚು ನಿಂತರೆ ನಮ್ಮ ಮನೆಯ ಒಲೆಯ ಮೇಲೆ ಬರೀ ಗಂಜಿ. ಅಮ್ಮ ಮತ್ತು ಜೊತೆಗಾರ್ತಿಯರು ಬುಟ್ಟಿ ಬೋರಲು ಹಾಕಿ ಜಗಲಿಯ ಮೇಲೆ ಕೂತಿರುತ್ತಿದ್ದರು. ಕದ್ದು ಹೆಕ್ಕಿದರೆ ಕೇಳುವವರಿಲ್ಲ, ದೂರದ ಊರಿಗೆ ಮಾರಿದರೆ ಗೊತ್ತಾಗುವುದೂ ಇಲ್ಲ. ಆದರೂ ಯಾರೂ ಅಳಿವೆಗೆ ಇಳಿಯುತ್ತಿರಲಿಲ್ಲ. ಘಟ್ಟದ ಮೇಲೆ ತಿನ್ನುವವರು ಯಾರೋ ಇರುತ್ತಾರಲ್ಲ ಎಂದು ಅಮ್ಮ ಅನ್ನುತ್ತಿದ್ದರು. ಆ ಯಾರೋ ನಮ್ಮ ಅತ್ತೆಯೇ ಆಗುತ್ತಾರೆಂದು ಅವರೂ ಎಣಿಸಿರಲಿಕ್ಕಿಲ್ಲ. ಮೈಕು ಹಿಡಿದು ಕೂಗಿಕೊಂಡು ಹೋದವರ ಮುಖ ನನಗೆ ಗೊತ್ತಿಲ್ಲ, ಪರೀಕ್ಷೆ ಮಾಡುವವರದೂ ಗೊತ್ತಿಲ್ಲ. ಸಾಯಂಕಾಲ ದೀಪ ಹಚ್ಚುವಾಗ ಅವರನ್ನೂ, ಬುಟ್ಟಿ ಬೋರಲು ಹಾಕಿ ಕೂರುವ ಆ ಹೆಂಗಸರನ್ನೂ ನೆನೆದುಕೊಳ್ಳುತ್ತೇನೆ.

ಅತ್ತೆ ಅಡುಗೆಯ ರುಚಿ ನೋಡುವುದಿಲ್ಲ, ಅದು ಮೊದಲಿನಂತೆಯೇ. ಆದರೆ ಉಪ್ಪು ತಪ್ಪಿದ ದಿನ ಮಾವ ಈಗ ಬಾಯಿ ಬಿಡುವುದಿಲ್ಲ. ಉಪ್ಪಿನ ಬಟ್ಟಲನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡು ಸುಮ್ಮನೆ ಉಣ್ಣುತ್ತಾರೆ.

ಕರಾರು ಮಾತ್ರ ಸ್ವಲ್ಪ ಸಡಿಲವಾಗಿದೆ. ಈ ವರ್ಷ ಬಂದ್ ತೆಗೆದಿದ್ದಾರೆಂದು ಅಮ್ಮ ಫೋನು ಮಾಡಿದಾಗ ಅತ್ತೆ, "ನಿಮ್ಮ ಮಗಳಿಗೆ ಒಂದ್ ಡಬ್ಬಿ ಮಾಡಿ ಕಳಸ್ರಿ ಬೀಗರ. ಈ ಸರ್ತಿ ಉಪ್ಪು ನೀವ ನೋಡ್ರಿ" ಎಂದರು. ಅಮ್ಮ ಮಾಡಿ, ತಾವು ತಿಂದು, ಒಂದು ಹಗಲು ಕಾದು, ಏನೂ ಆಗಲಿಲ್ಲವೆಂದು ಫೋನು ಮಾಡಿದ ಮೇಲೆ ಕಾಕಾನ ಲಾರಿಯಲ್ಲಿ ಡಬ್ಬಿ ಕಳಿಸಿದರು. ಹಿತ್ತಲಲ್ಲಿ ಅದೇ ಮಣೆ, ಅದೇ ಜೋಳದ ರೊಟ್ಟಿ. ಅತ್ತೆ ಒಂದು ಮಾರು ದೂರದಲ್ಲಿ, ಮೂಗಿಗೆ ಸೆರಗು ಹಿಡಿದುಕೊಂಡು, ನನ್ನ ತುಟಿಯನ್ನೇ ನೋಡುತ್ತ ಕುಳಿತರು. ನಾನು ಮೊದಲ ಚಿಪ್ಪು ಬಾಯಿಗಿಟ್ಟು ಚೀಪಿದೆ.

"ಜುಮ್ ಅಂತೈತೇನು?"

"ಇಲ್ರಿ ಅತ್ತೀ."

"ತಡಿ. ಲಗೂ ನುಂಗಬ್ಯಾಡ." ಅವರು ಇನ್ನಷ್ಟು ಹೊತ್ತು ನನ್ನ ಮುಖ ನೋಡಿದರು. ನಾನು ಚಿಪ್ಪು ಕೈಯಲ್ಲಿ ಹಿಡಿದು ಕಾದೆ. ಹಿತ್ತಲ ಬಾಗಿಲಲ್ಲಿ ಮಗಳು ಬಂದು ನಿಂತಿದ್ದಳು. ಅತ್ತೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಸೆರಗನ್ನು ಮೂಗಿನಿಂದ ತೆಗೆದು ಅವಳ ಬಾಯಿಗೆ ಅಡ್ಡ ಹಿಡಿದರು.

"ಈಗ ತಿನ್ನು" ಎಂದರು ನನಗೆ. "ಈಕಿಗೆ ಆಮ್ಯಾಲ ನೋಡೂಣು."